ಉಸಿರಿನ ನಳಿಕೆಯೂ ಇರುಳಿನ ನಿದ್ದೆಯೂ

ವಿಜಯಪುರದ ಗೋಳಗುಮ್ಮಟಕ್ಕೆ ಹೋದವರು ಒಂದು ಸಣ್ಣ ಪ್ರಯೋಗ ಮಾಡದೆ ಹಿಂದಿರುಗುವುದಿಲ್ಲ. ಗುಮ್ಮಟದ ಒಳಸುತ್ತಿನ ಪಿಸುಮಾತಿನ ಗ್ಯಾಲರಿಯಲ್ಲಿ ಒಬ್ಬರು ಗೋಡೆಗೆ ಬಾಯಿಟ್ಟು ಏನಾದರೂ ಉಸುರುತ್ತಾರೆ. ಎದುರು ಬದಿಯಲ್ಲಿ ಗೋಡೆಗೆ ಕಿವಿಗೊಟ್ಟು ನಿಂತವರಿಗೆ ಅದು ಪಕ್ಕದಲ್ಲೇ ಆಡಿದಂತೆ ಕೇಳಿಸುತ್ತದೆ. ಒಂದು ಚಪ್ಪಾಳೆ ಏಳೆಂಟು ಬಾರಿ ಮರುದನಿಗೊಡುತ್ತದೆ. 1656ರಲ್ಲಿ ಮಹಮ್ಮದ್ ಆದಿಲ್ ಶಾಹ ಮಣ್ಣಾಗುವ ಹೊತ್ತಿಗೆ ಎದ್ದು ನಿಂತಿದ್ದ ಈ ಕಟ್ಟಡ ಹೇಳುವ ಪಾಠ ಸರಳ: ಸದ್ದು ಸಣ್ಣದೆಂದು ಅದನ್ನು ಕಡೆಗಣಿಸಲಾಗದು, ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ, ಯಾರ ಕಿವಿಗೆ ಬೀಳುತ್ತದೆ ಎಂಬುದರ ಮೇಲೆ ಅದರ ತೂಕ ನಿರ್ಧಾರವಾಗುತ್ತದೆ.

ಇದೇ ಜಿಲ್ಲೆಯ ಹಳ್ಳಿಗಳಲ್ಲಿ, ಇದೇ ನಗರದ ಬಡಾವಣೆಗಳಲ್ಲಿ ಇನ್ನೊಂದು ಬಗೆಯ ಪಿಸುಸದ್ದು ಕೆಲವು ವರ್ಷಗಳಿಂದ ಮನೆಹೊಕ್ಕಿದೆ. ಅದು ಆಮ್ಲಜನಕದ ನಳಿಕೆಯ ಸದ್ದು. ಅದನ್ನು ನೋಡಲು ಪ್ರವಾಸಿಗರು ಬರುವುದಿಲ್ಲ. ಅದರ ಬಗ್ಗೆ ಯಾರೂ ದೂರು ಕೊಡುವುದಿಲ್ಲ. ಜೀವ ಉಳಿಸುವ ಸಾಧನದ ಮೇಲೆ ದೂರು ಹೇಳುವುದು ಕೃತಘ್ನತೆಯೆಂದು ರೋಗಿಯೂ ಮನೆಯವರೂ ಸುಮ್ಮನಿರುತ್ತಾರೆ. ಆದರೆ ಈ ಮೌನಕ್ಕೆ ತೆರುತ್ತಿರುವ ಬೆಲೆ ಸಣ್ಣದಲ್ಲ.

ಬಬಲೇಶ್ವರ ಸೀಮೆಯ ಜೈನಾಪುರದಂಥ ಊರಿನಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮನೆಯ ಹಿರಿಯರಿಗೆ ಎಪ್ಪತ್ತು ದಾಟಿದೆ. ಅನೇಕ ವರ್ಷ ಬೀಡಿ ಸೇದಿದ ಎದೆ. ಊರವರ ಮಾತಿನಲ್ಲಿ ಹೇಳುವುದಾದರೆ 'ದಮ್ಮು'. ವಿಜಯಪುರದ ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದು, ಮನೆಯಲ್ಲಿಯೂ ಆಮ್ಲಜನಕ ತೆಗೆದುಕೊಳ್ಳಬೇಕೆಂಬ ವೈದ್ಯರ ಚೀಟಿಯೊಂದಿಗೆ ಮರಳಿದ್ದಾರೆ. ಮಗ ಸಾಲ ಮಾಡಿ ಕಾನ್ಸಂಟ್ರೇಟರ್ ತಂದಿದ್ದಾನೆ. ಪಡಸಾಲೆಯಲ್ಲಿ ಮಂಚದ ಬುಡಕ್ಕೇ ಅದನ್ನು ಇರಿಸಲಾಗಿದೆ. ಹಗಲೆಲ್ಲ ರೊಟ್ಟಿ ಬಡಿಯುವ ಸದ್ದು, ಟ್ರ್ಯಾಕ್ಟರ್ ಓಡಾಟ, ಮಕ್ಕಳ ಗಲಾಟೆಯ ನಡುವೆ ಯಂತ್ರ ಇದ್ದದ್ದೇ ತಿಳಿಯುವುದಿಲ್ಲ. ಊರು ಮಲಗಿದ ಮೇಲೆ ಅದು ಮಾತಾಡತೊಡಗುತ್ತದೆ. ಮೋಟಾರಿನ ಗುಂಯ್‌ಗುಟ್ಟುವಿಕೆ, ಕೆಲವು ಸೆಕೆಂಡಿಗೊಮ್ಮೆ ಉಸ್ಸೆಂಬ ನಿಟ್ಟುಸಿರು, ನೀರಿನ ಬಾಟಲಿಯ ಬುಳುಬುಳು, ನಳಿಕೆಯೊಳಗೆ ಹೊಕ್ಕ ನೀರಿನ ಗೊರಗೊರ, ಮೂಗಿನ ಬಳಿ ಸುಯ್ಯೆಂಬ ಗಾಳಿ. ಒಂದೇ ಕೋಣೆಯಲ್ಲಿ ಮಲಗಿದ ಐದಾರು ಜನರಿಗೂ ನಿದ್ದೆ ಇಲ್ಲ. ಮೂರನೆಯ ರಾತ್ರಿ ಹಿರಿಯರೇ ಹೇಳುತ್ತಾರೆ: "ಯವ್ವಾ, ಅದನ್ನ ಬಂದ್ ಮಾಡು. ಹುಡುಗ್ರು ಮಕ್ಕೊಳ್ಳಿ. ಮುಂಜಾನೆ ಮತ್ತ ಹಚ್ಚೂಣಂತ." ಸೊಸೆ ಮನಸ್ಸಿಲ್ಲದ ಮನಸ್ಸಿನಿಂದ ಗುಂಡಿ ಒತ್ತುತ್ತಾಳೆ. ಅಂದಿನಿಂದ ಅದೇ ರೂಢಿಯಾಗುತ್ತದೆ.

ಈ ಮನೆ ಕಲ್ಪನೆಯದು. ಈ ರೂಢಿ ಕಲ್ಪನೆಯದಲ್ಲ. ಸದ್ದಿನ ಕಾರಣಕ್ಕೆ ಯಂತ್ರ ಆರಿಸುವುದು, ಸದ್ದು ಕಡಿಮೆಯಾಗಲೆಂದು ಹರಿವಿನ ಪ್ರಮಾಣ ಇಳಿಸುವುದು, ನಳಿಕೆಯನ್ನು ಮೂಗಿನಿಂದ ಜಾರಿಸಿ ದಿಂಬಿನ ಕೆಳಗೆ ಸೇರಿಸುವುದು ಮನೆಯಲ್ಲಿ ಆಮ್ಲಜನಕ ಪಡೆಯುವವರನ್ನು ನೋಡಿಕೊಳ್ಳುವ ವೈದ್ಯರಿಗೆ ಜಗತ್ತಿನೆಲ್ಲೆಡೆ ಪರಿಚಿತವಾದ ಸಂಗತಿಗಳು.

ಒಂದು ರಾತ್ರಿ ಆರಿಸಿದರೆ ಏನಾದೀತು ಎಂದು ಕೇಳುವವರಿಗೆ ಉತ್ತರ ನಾಲ್ಕು ದಶಕಗಳ ಹಿಂದೆಯೇ ಸಿಕ್ಕಿದೆ. ಶ್ವಾಸಕೋಶ ಸವೆದು ರಕ್ತದಲ್ಲಿ ಆಮ್ಲಜನಕ ತೀರ ಇಳಿದ ರೋಗಿಗಳ ಮೇಲೆ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಅಧ್ಯಯನ 1981ರಲ್ಲಿ ಪ್ರಕಟವಾಯಿತು. ದಿನಕ್ಕೆ ಕನಿಷ್ಠ 15 ಗಂಟೆ ಆಮ್ಲಜನಕ ಪಡೆದ 42 ಮಂದಿಯಲ್ಲಿ ಐದು ವರ್ಷಗಳಲ್ಲಿ ತೀರಿಕೊಂಡವರು 19. ಪಡೆಯದ 45 ಮಂದಿಯಲ್ಲಿ 30. ಅದಕ್ಕೂ ಒಂದು ವರ್ಷ ಮೊದಲು, 1980ರಲ್ಲಿ, ಅಮೆರಿಕದ ಅಧ್ಯಯನವೊಂದು ರಾತ್ರಿ ಮಾತ್ರ ಆಮ್ಲಜನಕ ಪಡೆದವರನ್ನೂ ಹೆಚ್ಚುಕಡಿಮೆ ಇಡೀ ದಿನ ಪಡೆದವರನ್ನೂ ಹೋಲಿಸಿ ನೋಡಿತು. ಮೊದಲ ಗುಂಪಿನ ಸಾವಿನ ಪ್ರಮಾಣ ಎರಡನೆಯದಕ್ಕಿಂತ ಸುಮಾರು ಇಮ್ಮಡಿಯಾಗಿತ್ತು. ಇಂದು ಇಂಥ ರೋಗಿಗಳಿಗೆ ವೈದ್ಯರು ದಿನಕ್ಕೆ 15 ಗಂಟೆಗೆ ಕಡಿಮೆಯಿಲ್ಲದಂತೆ ಆಮ್ಲಜನಕ ಬರೆಯುವುದು ಈ ಆಧಾರದ ಮೇಲೆ. ಮನೆಗೆಲಸ, ಊಟ, ಸ್ನಾನ, ಅಂಗಳದ ಹರಟೆಯ ಹೊತ್ತನ್ನು ಕಳೆದರೆ ಈ 15 ಗಂಟೆ ಪೂರೈಸುವುದು ಮುಖ್ಯವಾಗಿ ರಾತ್ರಿಯ ನಿದ್ದೆಯಲ್ಲಿಯೇ. ನಿದ್ದೆಯಲ್ಲಿ ಉಸಿರಾಟ ಇನ್ನಷ್ಟು ಮಂದವಾಗುವುದರಿಂದ ಆಮ್ಲಜನಕ ಹೆಚ್ಚು ಬೇಕಾಗುವುದೂ ಆಗಲೇ. ಹೀಗಿರುವಾಗ ರಾತ್ರಿ ಯಂತ್ರ ಆರಿಸುವ ಮನೆಯಲ್ಲಿ ಸಾವಿರಾರು ರೂಪಾಯಿ ಸುರಿದ ಚಿಕಿತ್ಸೆ ಬಹುಪಾಲು ನೀರಿನಲ್ಲಿ ಹೋಮವಾಗುತ್ತದೆ. ಸದ್ದು ಇಲ್ಲಿ ಸೌಖ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಆಯುಷ್ಯದ ಪ್ರಶ್ನೆಯಾಗುತ್ತದೆ.

ಉತ್ತರ ಕರ್ನಾಟಕದ ಈ ಭಾಗದಲ್ಲಿ ಎದೆಯ ರೋಗಕ್ಕೆ ಕಾರಣಗಳಿಗೆ ಬರವಿಲ್ಲ. ದಶಕಗಳ ಕಾಲ ಹೊಗೆ ತುಂಬಿದ ಅಡುಗೆಮನೆಯಲ್ಲಿ ಕಟ್ಟಿಗೆ, ಕುಳ್ಳು ಉರಿಸಿ ರೊಟ್ಟಿ ಬೇಯಿಸಿದ ತಾಯಂದಿರಿದ್ದಾರೆ. ಬೀಡಿಯನ್ನೇ ಬಿಡುವಾಗಿಸಿಕೊಂಡ ಗಂಡಸರಿದ್ದಾರೆ. ಜೋಳದ ರಾಶಿಯ ಧೂಳು, ಬೇಸಿಗೆಯ ಒಣಗಾಳಿ ಇದ್ದೇ ಇವೆ. ಗ್ಯಾಸ್ ಒಲೆ ಮನೆಮನೆಗೆ ಬಂದಿದ್ದರೂ ಹಳೆಯ ಹೊಗೆ ಮಾಡಿದ ಹಾನಿ ಎದೆಯಿಂದ ಹೋಗುವುದಿಲ್ಲ. 2021ರ ಕೊರೊನಾ ಎರಡನೆಯ ಅಲೆಯಲ್ಲಿ ಆಮ್ಲಜನಕ ಎಂಬ ಮಾತು ಪ್ರತಿ ಮನೆಯ ಮಾತಾಯಿತು. ಅದುವರೆಗೆ ಆಸ್ಪತ್ರೆಯ ಗೋಡೆಯೊಳಗಿದ್ದ ಕಾನ್ಸಂಟ್ರೇಟರನ್ನು ದಾನಿಗಳು ಕೊಟ್ಟರು, ಸಂಘಸಂಸ್ಥೆಗಳು ಹಂಚಿದವು, ಉಳ್ಳವರು ಕೊಂಡರು. ಅದೇ ವರ್ಷದ ಜೂನ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು ಈ ಯಂತ್ರಗಳ ಮೇಲಿನ ವ್ಯಾಪಾರಿ ಲಾಭಾಂಶಕ್ಕೆ ಶೇ 70ರ ಮಿತಿ ಹಾಕಿತು. ಬೆಲೆಯ ಕಡೆಗೆ ಸರ್ಕಾರದ ಗಮನ ಹೋಯಿತು. ಯಂತ್ರ ಮನೆಗೆ ಹೋದ ಮೇಲೆ ಅದರೊಂದಿಗೆ ಬದುಕುವುದು ಹೇಗೆಂಬ ಕಡೆಗೆ ಯಾರ ಗಮನವೂ ಹೋಗಲಿಲ್ಲ.

ಸದ್ದನ್ನು ತಗ್ಗಿಸಬೇಕಾದರೆ ಅದು ಎಲ್ಲಿಂದ ಬರುತ್ತದೆಂದು ತಿಳಿಯಬೇಕು. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ 21ರಷ್ಟು, ಸಾರಜನಕ ಶೇ 78ರಷ್ಟು. ಕಾನ್ಸಂಟ್ರೇಟರ್ ಕೋಣೆಯ ಗಾಳಿಯನ್ನು ಹೀರಿ, ಒತ್ತಿ, ಜಿಯೊಲೈಟ್ ಎಂಬ ಹರಳಿನ ಪುಡಿ ತುಂಬಿದ ಎರಡು ಕೊಳವೆಗಳ ಮೂಲಕ ಹಾಯಿಸುತ್ತದೆ. ಜಿಯೊಲೈಟ್ ಸಾರಜನಕವನ್ನು ಹಿಡಿದಿಡುತ್ತದೆ. ಶೇ 90ಕ್ಕೂ ಮಿಗಿಲು ಶುದ್ಧವಾದ ಆಮ್ಲಜನಕ ಮುಂದೆ ಸಾಗುತ್ತದೆ. ಒಂದು ಕೊಳವೆ ತುಂಬಿದಾಗ ಕವಾಟ ಹೊರಳಿ ಇನ್ನೊಂದಕ್ಕೆ ಸರದಿ ಬರುತ್ತದೆ, ಮೊದಲನೆಯದು ಹಿಡಿದಿಟ್ಟ ಸಾರಜನಕವನ್ನು ಹೊರಗೆ ಉಸುರುತ್ತದೆ. ಕೆಲವು ಸೆಕೆಂಡಿಗೊಮ್ಮೆ ಕೇಳುವ ನಿಟ್ಟುಸಿರು ಇದೇ. ಇದು ಯಂತ್ರದ ಆರೋಗ್ಯದ ಲಕ್ಷಣ. ಇದನ್ನು ನಿಲ್ಲಿಸಲಾಗದು, ನಿಲ್ಲಿಸಲೂಬಾರದು. ದೂರ ಇಡಬಹುದು ಅಷ್ಟೆ.

ಎರಡನೆಯದು ಮೋಟಾರಿನ ಕಂಪನ. ಯಂತ್ರ ಗೋಡೆಗೆ ಆತುಕೊಂಡಿದ್ದರೆ, ಮಂಚದ ಕಾಲಿಗೆ ತಾಗಿದ್ದರೆ ಆ ಕಂಪನ ಗೋಡೆಗೂ ಮಂಚಕ್ಕೂ ಹಬ್ಬಿ ಇಮ್ಮಡಿಯಾಗಿ ಕೇಳಿಸುತ್ತದೆ. ದಪ್ಪ ರಬ್ಬರಿನ ಹಾಸಿನ ಮೇಲೆ, ಗೋಡೆಯಿಂದ ಒಂದು ಅಡಿಯಾದರೂ ದೂರದಲ್ಲಿ ಇಟ್ಟರೆ ಸದ್ದು ಸ್ಪಷ್ಟವಾಗಿ ತಗ್ಗುತ್ತದೆ. ಗಾಳಿ ಹೀರುವ ಕಡೆಯ ಸ್ಪಂಜಿನ ಜಾಲರಿಯಲ್ಲಿ ಧೂಳು ಕಟ್ಟಿಕೊಂಡರೆ ಮೋಟಾರು ಏದುಸಿರು ಬಿಡುತ್ತದೆ, ಕಾಯುತ್ತದೆ, ಹೆಚ್ಚು ಗದ್ದಲ ಮಾಡುತ್ತದೆ. ನಮ್ಮ ಬಯಲುಸೀಮೆಯ ಧೂಳಿಗೆ ವಾರಕ್ಕೊಮ್ಮೆ ಅದನ್ನು ತೊಳೆದು, ಪೂರ್ತಿ ಒಣಗಿಸಿ ಹಾಕುವುದು ಅನಿವಾರ್ಯ. ಸದ್ದಿಗೆ ಹೆದರಿ ಯಂತ್ರವನ್ನು ಕಪಾಟಿನೊಳಗೆ ಸೇರಿಸುವುದು, ಮೇಲೆ ಕೌದಿ ಹೊದಿಸುವುದು ಮಾತ್ರ ಅಪಾಯಕಾರಿ. ಅದಕ್ಕೂ ಉಸಿರು ಬೇಕು.

ಮೂರನೆಯದು ನಳಿಕೆಯದೇ ಸದ್ದು. ಸರಿಪಡಿಸಲು ಅತಿ ಸುಲಭವಾದದ್ದೂ ಇದೇ. ಯಂತ್ರದಿಂದ ಹೊರಬರುವ ಆಮ್ಲಜನಕ ತುಸು ಬೆಚ್ಚಗಿರುತ್ತದೆ. ನೀರಿನ ಬಾಟಲಿಯಲ್ಲಿ ಗುಳ್ಳೆಯಾಗಿ ಹಾಯುವಾಗ ತೇವವನ್ನು ಹೊತ್ತುಕೊಳ್ಳುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ತಣ್ಣನೆಯ ಪರಸಿನೆಲದ ಮೇಲೆ ಹಾದುಹೋಗುವ ನಳಿಕೆಯಲ್ಲಿ ಆ ತೇವ ಹನಿಗಟ್ಟುತ್ತದೆ. ಹನಿಗಳು ತಗ್ಗಿನಲ್ಲಿ ಕೂಡಿ, ಗಾಳಿ ಅವನ್ನು ತಳ್ಳಿಕೊಂಡು ಹೋಗುವಾಗ ಗೊರಗೊರ ಸದ್ದು ಹುಟ್ಟುತ್ತದೆ. ಕೆಲವೊಮ್ಮೆ ನೀರು ಮೂಗಿಗೇ ಸಿಡಿದು ರೋಗಿ ಬೆಚ್ಚಿ ಏಳುತ್ತಾನೆ. ಬಾಟಲಿಯಲ್ಲಿ ಮೇಲಿನ ಗೆರೆ ಮೀರಿ ನೀರು ತುಂಬಿದರೂ ಹೀಗೆಯೇ ಆಗುತ್ತದೆ. ನೀರು ಎರಡು ಗೆರೆಗಳ ನಡುವೆ ಇರಬೇಕು. ಬಾಟಲಿ ರೋಗಿಯ ತಲೆಗಿಂತ ತಗ್ಗಿನಲ್ಲಿರಬೇಕು. ನಳಿಕೆ ನೆಲ ಬಿಟ್ಟು ಜೋಲಿಲ್ಲದಂತೆ ಸಾಗಬೇಕು. ನೀರು ಕಂಡಾಗ ಬಿಡಿಸಿ ಕೊಡವಬೇಕು. ನಳಿಕೆಯ ನಡುವೆ ಕೂಡಿಸುವ, ನೀರು ಹಿಡಿಯುವ ಪುಟ್ಟ ಡಬ್ಬಿಯೂ ಸಿಗುತ್ತದೆ. ಇನ್ನೊಂದು ಸಂಗತಿಯನ್ನು ವೈದ್ಯರಲ್ಲಿ ಕೇಳಲು ಸಂಕೋಚ ಬೇಡ. ನಿಮಿಷಕ್ಕೆ ನಾಲ್ಕು ಲೀಟರಿನವರೆಗಿನ ಅಲ್ಪ ಹರಿವಿಗೆ ಅನೇಕ ರೋಗಿಗಳಲ್ಲಿ ನೀರಿನ ಬಾಟಲಿಯೇ ಬೇಕಾಗುವುದಿಲ್ಲ. ವೈದ್ಯರು ಒಪ್ಪಿದರೆ ಬಾಟಲಿಯನ್ನು ತೆಗೆದಿಟ್ಟ ಆ ರಾತ್ರಿಯೇ ಬುಳುಬುಳುವೂ ಗೊರಗೊರವೂ ಒಟ್ಟಿಗೆ ನಿಲ್ಲುತ್ತವೆ.

ನಾಲ್ಕನೆಯದು ಸಿಳ್ಳೆ. ಬಾಟಲಿಯ ಮುಚ್ಚಳದ ತಿರುಪು ಓರೆಯಾಗಿ ಕೂತಿದ್ದರೆ, ಕೂಡುಗಾಯಿ ಸಡಿಲವಾಗಿದ್ದರೆ, ಬಾಟಲಿ ಬಿರುಕುಬಿಟ್ಟಿದ್ದರೆ ಆಮ್ಲಜನಕ ಸೋರುತ್ತ ಸೀಟಿ ಹೊಡೆಯುತ್ತದೆ. ಇನ್ನು ನಳಿಕೆ ಮಡಚಿಕೊಂಡಿದ್ದರೆ, ಮಂಚದ ಕಾಲಿನಡಿ ಸಿಕ್ಕಿದ್ದರೆ ಒತ್ತಡ ಏರಿ ಬಾಟಲಿಯ ರಕ್ಷಣಾ ಕವಾಟವೇ ಕೂಗುತ್ತದೆ. ಮೊದಲನೆಯದು ಸೋರಿಕೆಯ ಸುಳಿವು, ಎರಡನೆಯದು ತಡೆಯ ಸುಳಿವು. ಪರೀಕ್ಷೆ ಸುಲಭ. ನಳಿಕೆಯನ್ನು ಒಂದು ಕ್ಷಣ ಬೆರಳಿನಿಂದ ಹಿಸುಕಿ ಹಿಡಿದಾಗ ಆ ಕವಾಟ ಕೂಗಿದರೆ ಬಾಟಲಿಯವರೆಗಿನ ಜೋಡಣೆ ಬಿಗಿಯಾಗಿದೆಯೆಂದು ಅರ್ಥ. ಕೂಗದಿದ್ದರೆ ಎಲ್ಲೋ ಸೋರುತ್ತಿದೆ. ಬರೆದುಕೊಟ್ಟ ಎರಡು ಲೀಟರು ಮೂಗಿಗೆ ಮುಟ್ಟುತ್ತಿಲ್ಲ.

ಕೊನೆಯದು ಮೂಗಿನ ಬಳಿಯ ಸುಯ್ಯೆನ್ನುವ ಸದ್ದು. ಅಗಲ ಅರ್ಧವಾದ ದಾರಿಯಲ್ಲಿ ಅಷ್ಟೇ ಗಾಳಿ ಹಾಯಬೇಕಾದರೆ ವೇಗ ನಾಲ್ಕು ಪಟ್ಟಾಗುತ್ತದೆ. ವೇಗ ಏರಿದಂತೆ ಸದ್ದು ಅದಕ್ಕಿಂತ ಎಷ್ಟೋ ಪಟ್ಟು ಬೇಗ ಏರುತ್ತದೆ. ಜೆಟ್ ವಿಮಾನಗಳ ಸದ್ದಿನ ಲೆಕ್ಕ ಹಾಕಿದ ಇಂಗ್ಲಿಷ್ ಗಣಿತಜ್ಞ ಜೇಮ್ಸ್ ಲೈಟ್‌ಹಿಲ್ 1952ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಧಾರೆಯ ವೇಗ ಇಮ್ಮಡಿಯಾದರೆ ಅದು ಹೊಮ್ಮಿಸುವ ಶಬ್ದದ ಶಕ್ತಿ ಇನ್ನೂರು ಪಟ್ಟಿಗೂ ಮಿಗಿಲು. ಮೂಗಿನ ನಳಿಕೆಯಲ್ಲಿ ಅದೇ ಅಂಕಿ ಹಾಗೆಯೇ ಹೊಂದದಿದ್ದರೂ ತತ್ತ್ವ ಒಂದೇ. ಅಗ್ಗದ, ಕಿರಿದಾದ, ಗಡುಸಾಗಿ ಸೊಟ್ಟಗಾದ ನಳಿಕೆ ಹೆಚ್ಚು ಕೂಗುತ್ತದೆ. ಸರಿಯಾದ ಅಳತೆಯ ಮೆತ್ತನೆಯ ಹೊಸ ನಳಿಕೆ ಕಡಿಮೆ ಕೂಗುತ್ತದೆ. ಅತಿ ಕಡಿಮೆ ಬೆಲೆಯ ಈ ತುಂಡನ್ನು ಕಾಲಕಾಲಕ್ಕೆ ಬದಲಿಸದೆ ಇಡೀ ಚಿಕಿತ್ಸೆಯನ್ನು ಪಣಕ್ಕಿಡುವುದು ವಿವೇಕವಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಯಂತ್ರದ ಗುಂಯ್‌ಗುಟ್ಟುವಿಕೆ ಉಳಿಯುತ್ತದೆ. ಅದಕ್ಕೆ ದಾರಿ ಎರಡು. ಯಂತ್ರವನ್ನು ಗಾಳಿಯಾಡುವ ಪಕ್ಕದ ಕೋಣೆಯಲ್ಲಿ ಅಥವಾ ಮೊಗಸಾಲೆಯಲ್ಲಿ ಇಟ್ಟು ಉದ್ದನೆಯ ನಳಿಕೆಯಿಂದ ಆಮ್ಲಜನಕ ತರುವುದು ಒಂದು. ತಯಾರಕರ ಕೈಪಿಡಿ ಒಪ್ಪುವಷ್ಟು, ಸಾಮಾನ್ಯವಾಗಿ 15 ಮೀಟರಿನೊಳಗಿನ ಉದ್ದಕ್ಕೆ ಇದು ನಡೆಯುತ್ತದೆ. ತುದಿಯಲ್ಲಿ ಹರಿವು ಸರಿಯಿದೆಯೇ ಎಂದು ಒಮ್ಮೆ ತಂತ್ರಜ್ಞರಿಂದ ನೋಡಿಸಬೇಕು, ಕತ್ತಲಲ್ಲಿ ಯಾರೂ ಎಡವದಂತೆ ಗೋಡೆಗುಂಟ ಹಾಯಿಸಬೇಕು. ಎರಡನೆಯದು ರಾತ್ರಿ ಮಟ್ಟಿಗೆ ಸಿಲಿಂಡರು. ಅದರಲ್ಲಿ ಮೋಟಾರಿಲ್ಲ. ಸುಮಾರು 1,500 ಲೀಟರಿನ ಸಣ್ಣ ಸಿಲಿಂಡರು ನಿಮಿಷಕ್ಕೆ ಎರಡು ಲೀಟರಿನಂತೆ ಹನ್ನೆರಡು ಗಂಟೆ ಬರುತ್ತದೆ. ಮರುಭರ್ತಿಯ ಖರ್ಚು ಮತ್ತು ಓಡಾಟ ತೂಗಿ ನೋಡಿಯೇ ಈ ದಾರಿ ಹಿಡಿಯಬೇಕು.

ಸದ್ದು ತಗ್ಗಿಸುವ ಉತ್ಸಾಹದಲ್ಲಿ ಮಾಡಬಾರದ ನಾಲ್ಕು ತಪ್ಪುಗಳಿವೆ. ಕಿರುಗುಟ್ಟುವ ಕವಾಟಕ್ಕೆ, ಬಿಗಿಯಾದ ತಿರುಪಿಗೆ ಎಣ್ಣೆಯನ್ನಾಗಲಿ ಗ್ರೀಸನ್ನಾಗಲಿ ಹಚ್ಚಲೇಬಾರದು. ಒತ್ತಡದ ಆಮ್ಲಜನಕದ ಸಂಗಡ ಜಿಡ್ಡು ಸೇರಿದರೆ ಕಿಡಿಯೇ ಇಲ್ಲದೆ ಬೆಂಕಿ ಹತ್ತಬಲ್ಲದು. ಯಂತ್ರದ ಎಚ್ಚರಿಕೆಯ ಗಂಟೆಯನ್ನು ಬಾಯಿಮುಚ್ಚಿಸಬಾರದು. ಹರಿವಿನ ಗುಂಡಿಯನ್ನು ವೈದ್ಯರ ಮಾತಿಲ್ಲದೆ ಇಳಿಸಬಾರದು. ಏರಿಸಲೂಬಾರದು, ಕೆಲವು ರೋಗಿಗಳಲ್ಲಿ ಅತಿ ಆಮ್ಲಜನಕದಿಂದ ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಏರಿ ಮಂಪರು ಕವಿಯುತ್ತದೆ. ಕೊನೆಯದಾಗಿ, ಮೊಗಸಾಲೆಗೆ ಹೋದ ನಳಿಕೆ ಒಲೆಯ ಬಳಿ, ದೇವರ ದೀಪದ ಬಳಿ, ಬೀಡಿ ಸೇದುವವರ ಬಳಿ ಹಾಯಬಾರದು. ಆಮ್ಲಜನಕ ತಾನೇ ಉರಿಯುವುದಿಲ್ಲ, ಉರಿಯುವ ಎಲ್ಲವನ್ನೂ ಭೀಕರವಾಗಿ ಉರಿಸುತ್ತದೆ.

ಹಾಗೆಂದು ಎಲ್ಲ ಸದ್ದೂ ಶತ್ರುವಲ್ಲ. ಬಾಟಲಿಯಲ್ಲಿ ಗುಳ್ಳೆ ನಿಂತಿತೆಂದರೆ ಹರಿವು ನಿಂತಿದೆ. ನಿನ್ನೆಯವರೆಗೆ ಇಲ್ಲದ ಹೊಸ ಸದ್ದು ಇಂದು ಕೇಳಿತೆಂದರೆ ಯಾವುದೋ ಭಾಗ ಸವೆದಿದೆ. ಮನೆಯವರ ಕಿವಿಗೆ ಈ ಭಾಷೆ ತಿಳಿಸಿಕೊಡುವವರು ಬೇಕು. ವಿಜಯಪುರದವರಿಗೆ ಈ ಮಾತು ಹೊಸದಾಗಬೇಕಿಲ್ಲ. ಆದಿಲ್ ಶಾಹಿಗಳು ತೊರವಿಯಿಂದಲೂ ಬೇಗಂ ತಲಾಬಿನಿಂದಲೂ ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ನೀರು ತಂದರು. ದಾರಿಯುದ್ದಕ್ಕೂ 'ಗಂಜ್' ಎಂಬ ನೀರಿನ ಗೋಪುರಗಳನ್ನು ಕಟ್ಟಿದರು. ಕೊಳವೆಯೊಳಗಿನ ಒತ್ತಡ ಇಳಿಯಲಿ, ಹೂಳು ತಳಕ್ಕೆ ಕೂರಲಿ ಎಂಬುದು ಅವುಗಳ ಉದ್ದೇಶ. ಆ ಗೋಪುರಗಳು ಊರಿನಲ್ಲಿ ಇಂದಿಗೂ ಅಲ್ಲಲ್ಲಿ ನಿಂತಿವೆ. ಕೊಳವೆ ಹಾಕಿದರೆ ಸಾಲದು, ಅದರೊಳಗೆ ಏನಾಗುತ್ತಿದೆಯೆಂದು ಗಮನಿಸುವ ವ್ಯವಸ್ಥೆಯೂ ಬೇಕೆಂದು ಹದಿನೇಳನೆಯ ಶತಮಾನದವರಿಗೆ ತಿಳಿದಿತ್ತು. ಇಪ್ಪತ್ತೊಂದನೆಯ ಶತಮಾನದ ನಾವು ಯಂತ್ರವನ್ನು ಪೆಟ್ಟಿಗೆಯಲ್ಲಿ ಕೊಟ್ಟು, ಇಂಗ್ಲಿಷ್ ಕೈಪಿಡಿಯನ್ನು ಕೈಗಿಟ್ಟು ಕಳುಹಿಸುತ್ತಿದ್ದೇವೆ.

ಮನೆಯ ಮಾತು ಹೀಗಾದರೆ ಆಸ್ಪತ್ರೆಯ ಮಾತೇನು? ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಶುಶ್ರೂಷೆಯ ಕುರಿತು ಬರೆದ ಪುಸ್ತಕದಲ್ಲಿ ಸದ್ದಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿಯ ಸರಾಸರಿ ಸದ್ದು 30 ಡೆಸಿಬಲ್ ಮೀರಬಾರದೆಂದು ಹೇಳುತ್ತದೆ. ಮನೆಯ ಮಲಗುವ ಕೋಣೆಗೂ ಅದೇ ಅಳತೆ. ಕಾನ್ಸಂಟ್ರೇಟರುಗಳ ಸದ್ದು ಸಾಮಾನ್ಯವಾಗಿ 40ರಿಂದ 50 ಡೆಸಿಬಲ್. ಹತ್ತು ಡೆಸಿಬಲ್ ಏರಿದರೆ ನಮ್ಮ ಕಿವಿಗೆ ಸದ್ದು ಸರಿಸುಮಾರು ಇಮ್ಮಡಿಯಾದಂತೆ ಅನಿಸುತ್ತದೆ ಎಂಬುದನ್ನು ನೆನೆದರೆ ಅಂತರ ಎಷ್ಟೆಂದು ತಿಳಿಯುತ್ತದೆ. ಅವಧಿಗೆ ಮುನ್ನ ಹುಟ್ಟಿದ ಹಸುಳೆಗಳ ಘಟಕದಲ್ಲಿ ಸದ್ದು 45 ಡೆಸಿಬಲ್ ಮೀರುವುದು ಕಳವಳಕಾರಿಯೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1997ರಲ್ಲಿಯೇ ಎಚ್ಚರಿಸಿತ್ತು. ಆ ಕಂದಮ್ಮಗಳ ಮೂಗಿಗೇ ಆಮ್ಲಜನಕದ ನಳಿಕೆ ಇರುತ್ತದೆ, ಕಿವಿಯಿಂದ ಎರಡು ಬೆರಳಿನ ದೂರದಲ್ಲಿ. ತಮಗೆ ನಿದ್ದೆ ಕೆಟ್ಟಿತೆಂದು ಹೇಳಲು ಅವಕ್ಕೆ ಬಾಯಿಲ್ಲ.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆಯ ಸುತ್ತ ಕನಿಷ್ಠ ನೂರು ಮೀಟರ್ ನಿಶ್ಶಬ್ದ ವಲಯ. ಅಲ್ಲಿ ಹಗಲು 50, ರಾತ್ರಿ 40 ಡೆಸಿಬಲ್ ಮಿತಿ. 2005ರ ಜುಲೈ 18ರಂದು ಸುಪ್ರೀಂ ಕೋರ್ಟು ಶಬ್ದಮಾಲಿನ್ಯದ ವಿರುದ್ಧ ವಿಸ್ತಾರವಾದ ತೀರ್ಪನ್ನೂ ಕೊಟ್ಟಿದೆ. ಆದರೆ ಈ ಕಾನೂನು ಆಸ್ಪತ್ರೆಯ ಕಾಂಪೌಂಡಿನ ಹೊರಗಿನ ಹಾರ್ನು ಮತ್ತು ಧ್ವನಿವರ್ಧಕವನ್ನು ನೋಡುತ್ತದೆಯೇ ಹೊರತು ಒಳಗೆ ಹಾಸಿಗೆಯ ತಲೆದೆಸೆಯಲ್ಲಿ ಸವೆದ ವಾಷರಿನಿಂದಾಗಿ ರಾತ್ರಿಯಿಡೀ ಸೀಟಿ ಹೊಡೆಯುವ ಆಮ್ಲಜನಕದ ಗೋಡೆಕವಾಟವನ್ನು ನೋಡುವುದಿಲ್ಲ. ಅಲ್ಲಿ ಸೋರುತ್ತಿರುವುದು ನಿದ್ದೆಯೊಂದೇ ಅಲ್ಲ, ದುಡ್ಡು ಕೊಟ್ಟು ತಂದ ಆಮ್ಲಜನಕವೂ ಹೌದು. ನಿಶ್ಶಬ್ದವನ್ನು ಕಾಪಾಡುವ ದುರಸ್ತಿಯೇ ಇಲ್ಲಿ ಉಳಿತಾಯದ ದುರಸ್ತಿಯೂ ಆಗುತ್ತದೆ.

ಒಂದು ಆಕ್ಷೇಪವನ್ನು ಎದುರಿಸಲೇಬೇಕು. 2021ರ ಮೇ 2ರ ರಾತ್ರಿ ಮತ್ತು ಮರುದಿನ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ಪ್ರಾಣ ಬಿಟ್ಟ ದುರಂತವನ್ನು ಕಂಡ ರಾಜ್ಯ ನಮ್ಮದು. ಆಮ್ಲಜನಕವೇ ಸಿಗದೆ ಜನ ಸತ್ತ ನಾಡಿನಲ್ಲಿ ಅದರ ಸದ್ದಿನ ಬಗ್ಗೆ ಮಾತಾಡುವುದು ಹೊಟ್ಟೆ ತುಂಬಿದವರ ಚಿಂತೆಯಲ್ಲವೇ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಉತ್ತರವೂ ಅದೇ ದುರಂತದಲ್ಲಿದೆ. ಆಮ್ಲಜನಕ ಉತ್ಪಾದನೆಯಾದರೆ ಸಾಲದು, ಅದು ಕೊನೆಯ ಮೂಗಿನವರೆಗೆ, ಬೇಕಾದ ಹೊತ್ತಿನಲ್ಲಿ, ತಡೆಯಿಲ್ಲದೆ ಮುಟ್ಟಬೇಕು ಎಂಬುದೇ ಅಂದು ಕಲಿತ ಪಾಠ. ಆ ದಾರಿ ಟ್ಯಾಂಕರು ಬಂದು ಆಸ್ಪತ್ರೆಯ ಮುಂದೆ ನಿಂತಾಗ ಮುಗಿಯುವುದಿಲ್ಲ. ಹಳ್ಳಿಯ ಮನೆಯ ಪಡಸಾಲೆಯ ಕೊನೆಯ ಎರಡು ಮೀಟರು ನಳಿಕೆಯೂ ಆ ದಾರಿಯ ಭಾಗವೇ. ಗುಂಡಿ ಒತ್ತಿ ಆರಿಸಿದ ಯಂತ್ರ, ಇಲ್ಲದ ಯಂತ್ರ, ಇವೆರಡರ ನಡುವೆ ರೋಗಿಯ ರಕ್ತಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ.

ರಾತ್ರಿ ಯಂತ್ರ ಆರಿಸಲು ಸದ್ದಿನೊಂದಿಗೆ ಇನ್ನೊಂದು ಕಾರಣವೂ ಕೈಜೋಡಿಸುತ್ತದೆ. ಅದು ವಿದ್ಯುತ್ ಬಿಲ್ಲು. ಸುಮಾರು 350 ವಾಟ್‌ನ ಯಂತ್ರ ದಿನಕ್ಕೆ 15 ಗಂಟೆ ನಡೆದರೆ ತಿಂಗಳಿಗೆ 157 ಯುನಿಟ್, ಇಡೀ ದಿನ ನಡೆದರೆ 252 ಯುನಿಟ್. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ಮಿತಿ 200 ಯುನಿಟ್. ಅದರೊಳಗೂ ಪ್ರತಿ ಮನೆಗೆ ಅದರ ಹಿಂದಿನ ಸರಾಸರಿ ಬಳಕೆಯನ್ನು ಆಧರಿಸಿದ ಮಿತಿಯಿದೆ. ಮನೆಗೆ ರೋಗ ಬಂದ ತಿಂಗಳೇ ಆ ಮನೆ ಉಚಿತ ವಿದ್ಯುತ್ತಿನ ಹೊರಗೆ ಬೀಳುವುದು ಯೋಜನೆಯ ಆಶಯಕ್ಕೆ ಒಪ್ಪುವ ಮಾತಲ್ಲ. ಬ್ರಿಟನ್ನಿನಲ್ಲಿ ಮನೆಯ ಕಾನ್ಸಂಟ್ರೇಟರ್ ಬಳಸುವ ವಿದ್ಯುತ್ತಿನ ವೆಚ್ಚವನ್ನು ಆರೋಗ್ಯ ಸೇವೆಯ ವ್ಯವಸ್ಥೆಯೇ ತುಂಬಿಕೊಡುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಂಥ ಮನೆಗಳಿಗೆ ಕಡಿಮೆ ದರದ ಹೆಚ್ಚುವರಿ ಯುನಿಟ್ಟುಗಳಿವೆ. ವೈದ್ಯರ ಪ್ರಮಾಣಪತ್ರದ ಆಧಾರದ ಮೇಲೆ ಯಂತ್ರದ ಬಳಕೆಯಷ್ಟನ್ನು ಮಿತಿಯಿಂದ ಹೊರಗಿಡುವುದು ಹೆಸ್ಕಾಂಗೂ ಸರ್ಕಾರಕ್ಕೂ ದೊಡ್ಡ ಹೊರೆಯಾಗದು. ಇಂಥ ಮನೆಗಳ ಪಟ್ಟಿ ಕೈಯಲ್ಲಿದ್ದರೆ ವಿದ್ಯುತ್ ಕಡಿತದ ಮುನ್ಸೂಚನೆಯನ್ನು ಮೊದಲು ಯಾರಿಗೆ ಕೊಡಬೇಕೆಂಬುದೂ ತಿಳಿಯುತ್ತದೆ.

ಆರೋಗ್ಯ ಇಲಾಖೆ ಮಾಡಬೇಕಾದ ಕೆಲಸಗಳು ಇನ್ನೂ ಸುಲಭ. ಯಂತ್ರ ಖರೀದಿಯ ಟೆಂಡರಿನಲ್ಲಿ ಲೀಟರು ಮತ್ತು ಶುದ್ಧತೆಯ ಜೊತೆಗೆ ಡೆಸಿಬಲ್ಲಿನ ಮಿತಿಯನ್ನೂ ಷರತ್ತಾಗಿ ಸೇರಿಸಬೇಕು. ಕೊಳ್ಳುವವರು ಕೇಳಿದರೆ ಮಾತ್ರ ತಯಾರಿಸುವವರು ಸದ್ದಿಲ್ಲದ ಯಂತ್ರ ಮಾಡುತ್ತಾರೆ. ರೋಗಿಯನ್ನು ಆಮ್ಲಜನಕದೊಂದಿಗೆ ಮನೆಗೆ ಕಳುಹಿಸುವ ಪ್ರತಿ ಆಸ್ಪತ್ರೆ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಮನೆಯವರನ್ನು ಅರ್ಧ ಗಂಟೆ ಕೂರಿಸಿ ಯಂತ್ರ ಎಲ್ಲಿಡಬೇಕು, ಬಾಟಲಿ ಹೇಗೆ ತೊಳೆಯಬೇಕು, ಯಾವ ಸದ್ದಿಗೆ ಏನರ್ಥ ಎಂದು ಕನ್ನಡದಲ್ಲಿ, ಸಾಧ್ಯವಾದರೆ ಊರ ಮಾತಿನಲ್ಲಿ ಹೇಳಿಕೊಡಬೇಕು. ಚಿತ್ರಗಳಿರುವ ಒಂದು ಹಾಳೆ ಸಾಕು. ಆಶಾ ಕಾರ್ಯಕರ್ತೆಯರು ಮನೆಗೆ ಹೋದಾಗ 'ಅಜ್ಜಾ, ರಾತ್ರಿ ಮಶೀನು ಹಚ್ತೀರೇನು?' ಎಂಬ ಒಂದು ಪ್ರಶ್ನೆ ಕೇಳುವಂತಾದರೆ ಎಷ್ಟೋ ಸತ್ಯ ಹೊರಬರುತ್ತದೆ. ತಿಕೋಟಾ, ಬಬಲೇಶ್ವರದಂಥ ತಾಲ್ಲೂಕು ಕೇಂದ್ರಗಳಲ್ಲಿ ಜಾಲರಿ, ನಳಿಕೆ, ವಾಷರುಗಳು ಸಿಗುವ, ಯಂತ್ರ ತಪಾಸಣೆ ಮಾಡುವ ಒಬ್ಬ ತಂತ್ರಜ್ಞನಿದ್ದರೆ ಪ್ರತಿ ಸಣ್ಣ ಕೆಲಸಕ್ಕೂ ಜಿಲ್ಲಾಕೇಂದ್ರಕ್ಕೆ ಓಡುವುದು ತಪ್ಪುತ್ತದೆ. 2021ರಲ್ಲಿ ದಾನವಾಗಿ ಬಂದು ಈಗ ಬಳಕೆಯಿಲ್ಲದೆ ಕೂತಿರುವ ಯಂತ್ರಗಳಿದ್ದಲ್ಲಿ ಅವನ್ನು ಪರೀಕ್ಷಿಸಿ, ದುರಸ್ತಿ ಮಾಡಿ, ಬಡವರಿಗೆ ಎರವಲು ಕೊಡುವ ವ್ಯವಸ್ಥೆಯೂ ಆಗಲಿ. ಇದ್ಯಾವುದಕ್ಕೂ ಹೊಸ ಕಟ್ಟಡ ಬೇಕಿಲ್ಲ, ಶಂಕುಸ್ಥಾಪನೆ ಬೇಕಿಲ್ಲ. ಬಹುಶಃ ಅದಕ್ಕಾಗಿಯೇ ಇದು ಯಾರ ಕಣ್ಣಿಗೂ ಬಿದ್ದಿಲ್ಲ.

ನಗರದ ಓದುಗರೂ ಒಂದು ಕೆಲಸ ಮಾಡಬಹುದು. ನಮ್ಮಲ್ಲಿ ಅನೇಕರ ತಂದೆತಾಯಿ, ಚಿಕ್ಕಪ್ಪ, ದೊಡ್ಡಮ್ಮ ಊರಿನಲ್ಲಿ ಇಂಥ ಯಂತ್ರದೊಂದಿಗೆ ಇದ್ದಾರೆ. ಹಣ ಕಳುಹಿಸಿ, ಫೋನಿನಲ್ಲಿ 'ಆರಾಮ ಇದ್ದೀರಾ' ಎಂದು ಕೇಳಿ, 'ಹೂಂ ಆರಾಮ' ಎಂಬ ಉತ್ತರ ಪಡೆದು ಸಮಾಧಾನಪಡುತ್ತೇವೆ. ಮುಂದಿನ ಸಲ ಊರಿಗೆ ಹೋದಾಗ ಒಂದು ರಾತ್ರಿ ಅವರ ಕೋಣೆಯಲ್ಲೇ ಮಲಗಿ ಆ ಸದ್ದನ್ನು ಕೇಳೋಣ. ಜಾಲರಿ ಬಿಚ್ಚಿ ನೋಡೋಣ, ನಳಿಕೆಯನ್ನು ನೆಲದಿಂದ ಮೇಲೆತ್ತೋಣ, ಯಂತ್ರವನ್ನು ಮಂಚದ ಬುಡದಿಂದ ಮೊಗಸಾಲೆಗೆ ಸರಿಸೋಣ, ಬಾಟಲಿ ಬೇಕೇ ಬೇಡವೇ ಎಂದು ಅವರ ವೈದ್ಯರನ್ನು ಕೇಳೋಣ.

ಗೋಳಗುಮ್ಮಟದ ಗ್ಯಾಲರಿಯಲ್ಲಿ ಪಿಸುಮಾತು ದಾಟಿಹೋಗುವುದು ಎದುರಿಗೆ ಯಾರೋ ಗೋಡೆಗೆ ಕಿವಿಗೊಟ್ಟು ನಿಂತಿರುವುದರಿಂದ. ಮನೆಮಂದಿಯ ನಿದ್ದೆಗಾಗಿ ತಮ್ಮ ಉಸಿರನ್ನೇ ಆರಿಸಿಕೊಳ್ಳುವ ಹಿರಿಯರು ಅದನ್ನು ಯಾರೆದುರೂ ದೊಡ್ಡ ದನಿಯಲ್ಲಿ ಹೇಳುವುದಿಲ್ಲ. ಇಲಾಖೆಯವರಾಗಲಿ ಮನೆಯವರಾಗಲಿ, ಅಷ್ಟೇ ಹತ್ತಿರ ಹೋಗಿ ಕಿವಿಗೊಡಬೇಕಾದವರು ನಾವು.